ಹೊಸ್ತಿಲಲ್ಲಿ ಹೊತ್ತುವ ದೀಪ

1987ರಲ್ಲಿ ಅಮೆರಿಕದ ಈಸ್ಟ್‌ಮನ್ ಕೊಡಾಕ್ ಕಂಪನಿಯ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಗಾಜಿನ ಮೇಲೆ ಒಂದು ಹಸಿರು ದೀಪ ಹೊತ್ತಿಸಿದ ಸುದ್ದಿ ಪ್ರಕಟವಾಯಿತು. ಇಂಗಾಲ ಮೂಲದ ವಸ್ತುವಿಗೆ ವಿದ್ಯುತ್ ಹಾಯಿಸಿ ಬೆಳಕು ಪಡೆಯುವುದು ಅಷ್ಟರಲ್ಲಾಗಲೇ ಗೊತ್ತಿತ್ತು. 1960ರ ದಶಕದಲ್ಲೇ ಆಂತ್ರಸೀನ್ ಹರಳುಗಳನ್ನು ಬೆಳಗಿಸಿದ್ದರು. ಆದರೆ ಅದಕ್ಕೆ ನೂರಾರು ವೋಲ್ಟ್ ಬೇಕಾಗುತ್ತಿತ್ತು. ಕೊಡಾಕ್ ದೀಪಕ್ಕೆ ಹತ್ತು ವೋಲ್ಟಿಗಿಂತ ಕಡಿಮೆ ಸಾಕಾಯಿತು.

ದಪ್ಪ ಹರಳಿನ ಬದಲು ಅವರು ಎರಡು ಬೇರೆ ಬೇರೆ ವಸ್ತುಗಳ ತೆಳುಪದರಗಳನ್ನು ಒಂದರ ಮೇಲೊಂದು ಕೂರಿಸಿದ್ದರು. ಎರಡೂ ಸೇರಿ ದಪ್ಪ ಸುಮಾರು 135 ನ್ಯಾನೋಮೀಟರ್, ಅಂದರೆ ತಲೆಗೂದಲಿನ ಸುಮಾರು ಐನೂರರಲ್ಲಿ ಒಂದು ಪಾಲು. ಒಂದು ಪದರ ಧನ ವಿದ್ಯುದಾವೇಶವನ್ನು ಸಲೀಸಾಗಿ ಸಾಗಿಸುತ್ತಿತ್ತು, ಇನ್ನೊಂದು ಎಲೆಕ್ಟ್ರಾನ್‌ಗಳನ್ನು. ಎರಡೂ ಸಂಧಿಸಿದ್ದು ಪದರಗಳು ಕೂಡುವ ಗಡಿಯ ಬಳಿ. ಬೆಳಕು ಹುಟ್ಟಿದ್ದೂ ಅಲ್ಲೇ. ಇಂದಿನ ಮೊಬೈಲುಗಳ ಓಎಲ್‌ಇಡಿ ಪರದೆಗಳು ಈ ದೀಪದ ವಂಶಕ್ಕೆ ಸೇರಿದವು.

ನಮ್ಮ ಮನೆಗಳಲ್ಲಿ ಒಳಗೂ ಅಲ್ಲದ, ಹೊರಗೂ ಅಲ್ಲದ ಹೊಸ್ತಿಲಿಗೆ ವಿಶೇಷ ಮರ್ಯಾದೆ. ಸಾವಯವ ಎಲೆಕ್ಟ್ರಾನಿಕ್ಸ್‌ನಲ್ಲೂ ಹಾಗೆಯೇ. ಇಲ್ಲಿ ‘ಸಾವಯವ’ ಎಂದರೆ ಇಂಗಾಲದ ಅಣುಗಳಿಂದಾದದ್ದು. ಈ ಸಾಧನಗಳ ಅಳಿವು ಉಳಿವು ತೀರ್ಮಾನವಾಗುವುದು ಎರಡು ವಸ್ತುಗಳ ನಡುವಿನ ಹೊಸ್ತಿಲಲ್ಲಿ. ಭೌತವಿಜ್ಞಾನಿ ಹರ್ಬರ್ಟ್ ಕ್ರೋಮರ್ 2000ದ ತಮ್ಮ ನೊಬೆಲ್ ಉಪನ್ಯಾಸದಲ್ಲಿ ಎಷ್ಟೋ ಸಲ ಗಡಿಯೇ ಸಾಧನ ಎಂಬರ್ಥದ ಮಾತು ಹೇಳಿದರು. ಅವರು ಹೇಳಿದ್ದು ಗಟ್ಟಿ ಹರಳುಗಳ ಅರೆವಾಹಕಗಳ ಬಗ್ಗೆ. ಅದೇ ವರ್ಷ ವಿದ್ಯುತ್ ಹರಿಸುವ ಪ್ಲಾಸ್ಟಿಕ್ಕಿಗಾಗಿ ಹೀಗರ್, ಮ್ಯಾಕ್‌ಡಿಯರ್ಮಿಡ್ ಮತ್ತು ಶಿರಕಾವಾ ಅವರಿಗೆ ರಸಾಯನವಿಜ್ಞಾನದ ನೊಬೆಲ್ ಬಂತು. ಕ್ರೋಮರ್ ಮಾತು ಈ ಮೆದು ವಸ್ತುಗಳಿಗೆ ಇನ್ನೂ ಚೆನ್ನಾಗಿ ಒಪ್ಪುತ್ತದೆ.

ಮೊದಲ ಹೊಸ್ತಿಲು ಲೋಹ ಮತ್ತು ಸಾವಯವ ಪದರದ ನಡುವಿನದು. ಲೋಹದ ಎಲೆಕ್ಟ್ರಾನ್ ಮೋಡ ಅದರ ಮೇಲ್ಮೈಯಿಂದ ತುಸು ಹೊರಚಾಚಿರುತ್ತದೆ. ಅಣುವೊಂದು ಬಂದು ಅಲ್ಲಿ ಕುಳಿತರೆ, ದಿಂಬಿನ ಮೇಲೆ ತಲೆಯಿಟ್ಟಂತೆ ಆ ಮೋಡ ಒಳಕ್ಕೆ ಒತ್ತಿಹೋಗುತ್ತದೆ. ಎಲೆಕ್ಟ್ರಾನ್ ದಾಟಬೇಕಾದ ಮೆಟ್ಟಿಲಿನ ಎತ್ತರವೇ ಇದರಿಂದ ಬದಲಾಗುತ್ತದೆ. ಹಾಗಾಗಿ ಲೋಹದ ಗುಣವನ್ನೂ ಅಣುವಿನ ಗುಣವನ್ನೂ ಬೇರೆಬೇರೆಯಾಗಿ ಅಳೆದು ಕೂಡಿಸಿದ ಲೆಕ್ಕ ಇಲ್ಲಿ ತಾಳೆಯಾಗುವುದಿಲ್ಲ. 1997ರಲ್ಲಿ ಕೊಡಾಕ್ ತಂಡ ಅಲ್ಯೂಮಿನಿಯಂ ಮತ್ತು ಸಾವಯವ ಪದರದ ನಡುವೆ ಲಿಥಿಯಂ ಫ್ಲೋರೈಡ್‌ನ ಅತಿ ತೆಳು ಹೊದಿಕೆ ಇಟ್ಟಿತು. ಅದು ವಿದ್ಯುತ್ ನಿರೋಧಕ. ಆದರೂ ಸುಮಾರು ಒಂದು ನ್ಯಾನೋಮೀಟರ್ ದಪ್ಪವಿದ್ದಾಗ ಎಲೆಕ್ಟ್ರಾನ್‌ಗಳ ದಾರಿ ಸುಗಮವಾಯಿತು, ದೀಪ ಹೆಚ್ಚು ಬೆಳಗಿತು. ಹೊದಿಕೆ ದಪ್ಪವಾದರೆ ದಾರಿ ಮುಚ್ಚಿಹೋಗುತ್ತದೆ.

ಎರಡನೆಯದು ಟ್ರಾನ್ಸಿಸ್ಟರಿನಲ್ಲಿ ಸಾವಯವ ಪದರ ಮತ್ತು ನಿರೋಧಕದ ನಡುವಿನ ಹೊಸ್ತಿಲು. ಇಲ್ಲಿ ಸಾವಯವ ಪದರ ಎಷ್ಟೇ ದಪ್ಪವಿದ್ದರೂ ವಿದ್ಯುತ್ ಹರಿಯುವುದು ನಿರೋಧಕಕ್ಕೆ ತಾಗಿದ ಮೊದಲ ಒಂದೆರಡು ಅಣುಸಾಲುಗಳಲ್ಲಿ. ಬಹಳ ಕಾಲ, ಹೆಚ್ಚಿನ ಸಾವಯವ ಪಾಲಿಮರುಗಳು ಧನ ಆವೇಶವನ್ನು ಮಾತ್ರ ಸಾಗಿಸುತ್ತವೆ, ಎಲೆಕ್ಟ್ರಾನ್ ಸಾಗಿಸುವುದು ಅವುಗಳಿಗೆ ಆಗದ ಕೆಲಸ ಎಂದೇ ನಂಬಿದ್ದರು. 2005ರಲ್ಲಿ ಕೇಂಬ್ರಿಜ್‌ನ ರಿಚರ್ಡ್ ಫ್ರೆಂಡ್ ಅವರ ಬಳಗ ತಪ್ಪು ಎಲ್ಲಿದೆಯೆಂದು ತೋರಿಸಿತು. ನಿರೋಧಕವಾಗಿ ಬಳಸುತ್ತಿದ್ದ ಸಿಲಿಕಾದ ಮೈಮೇಲೆ ಆಮ್ಲಜನಕ–ಜಲಜನಕದ ಹೈಡ್ರಾಕ್ಸಿಲ್ ಜೋಡಿಗಳಿರುತ್ತವೆ. ಅವು ಎಲೆಕ್ಟ್ರಾನ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತಿದ್ದವು. ಹೈಡ್ರಾಕ್ಸಿಲ್ ಇಲ್ಲದ ನಿರೋಧಕ ಇಟ್ಟು ನೋಡಿದರೆ ಅವೇ ಪಾಲಿಮರುಗಳಲ್ಲಿ ಎಲೆಕ್ಟ್ರಾನ್ ಹರಿಯಿತು. ನೆರೆಯ ಮೇಲ್ಮೈ ಮಾಡಿದ ತಪ್ಪಿಗೆ ವಸ್ತು ವರ್ಷಗಟ್ಟಲೆ ಹೆಸರು ಕೆಡಿಸಿಕೊಂಡಿತ್ತು.

ಸಾವಯವ ಸೌರಕೋಶದಲ್ಲಿ ಹೊಸ್ತಿಲು ದೂರವಿರುವುದೇ ಕಷ್ಟ. ಬಿಸಿಲು ಬಿದ್ದಾಗ ಎಲೆಕ್ಟ್ರಾನ್ ಮತ್ತು ಅದು ಬಿಟ್ಟುಬಂದ ಖಾಲಿ ಜಾಗ ಅಂಟಿಕೊಂಡೇ ಓಡಾಡುತ್ತವೆ. ಈ ಜೋಡಿಯ ಹೆಸರು ಎಕ್ಸೈಟಾನ್. ಸುಮಾರು ಹತ್ತು ನ್ಯಾನೋಮೀಟರ್ ಸಾಗುವಷ್ಟರಲ್ಲಿ ಗಡಿ ಸಿಕ್ಕರೆ ಅದು ಬೇರ್ಪಟ್ಟು ವಿದ್ಯುತ್ತಾಗುತ್ತದೆ, ಸಿಗದಿದ್ದರೆ ವ್ಯರ್ಥವಾಗಿ ಅಳಿಯುತ್ತದೆ. 1986ರಲ್ಲಿ ಇದೇ ಟ್ಯಾಂಗ್ ಎರಡು ಪದರ ಕೂಡಿಸಿ ಶೇ. 1ರಷ್ಟು ದಕ್ಷತೆ ಪಡೆದಿದ್ದರು. 1995ರ ಹೊತ್ತಿಗೆ ಹೀಗರ್ ಬಳಗ ಎರಡು ವಸ್ತುಗಳನ್ನು ಹದವಾಗಿ ಬೆರೆಸಿ, ಕೋಶದ ಒಡಲ ತುಂಬ ಗಡಿಗಳು ಹರಡುವಂತೆ ಮಾಡಿತು. ಈಗ ಪ್ರಯೋಗಾಲಯದ ಕೋಶಗಳ ದಕ್ಷತೆ ಶೇ. 18 ದಾಟಿದೆ.

ಸಾಧನ ಕೆಡುವುದೂ ಹೆಚ್ಚಾಗಿ ಹೊಸ್ತಿಲಿನಿಂದಲೇ. ನೀರಾವಿ ನುಸುಳಿ ಲೋಹ ಮತ್ತು ಸಾವಯವ ಪದರದ ನಡುವೆ ಸೇರಿದರೆ ಬೆಳಗುವ ಮೈಮೇಲೆ ಕಪ್ಪು ಚುಕ್ಕೆಗಳು ಮೂಡಿ ಹರಡುತ್ತವೆ. ಓಎಲ್‌ಇಡಿಯ ಹೊರಕವಚ ಒಂದು ಚದರ ಮೀಟರಿಗೆ ದಿನಕ್ಕೆ ಗ್ರಾಮಿನ ಹತ್ತು ಲಕ್ಷದ ಒಂದು ಪಾಲಿಗಿಂತ ಹೆಚ್ಚು ನೀರಾವಿ ಬಿಡಬಾರದು ಎಂಬುದು ಎಂಜಿನಿಯರುಗಳು ಇಟ್ಟುಕೊಂಡ ಗುರಿ.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಪಾಲಿಮರ್ ಎಲೆಕ್ಟ್ರಾನಿಕ್ಸ್ ಸಂಶೋಧನೆ ನಡೆದುಬಂದಿದೆ. ಈ ಕ್ಷೇತ್ರಕ್ಕೆ ಕಾಲಿಡುವ ವಿದ್ಯಾರ್ಥಿ ಮೊದಲು ಕಲಿಯುವುದು ಗಾಜು ತೊಳೆಯುವುದನ್ನು. ಸೋಪಿನ ನೀರು, ಅಸಿಟೋನ್, ಐಸೋಪ್ರೊಪೈಲ್ ಆಲ್ಕೊಹಾಲ್, ಕೊನೆಗೆ ನೇರಳಾತೀತ ಬೆಳಕಿನ ಓಝೋನ್. ಇದು ಬೇಸರದ ಕೆಲಸವೆಂದು ಯಾರೂ ಅವಸರ ಮಾಡಬಾರದು. ಬೆಳಗ್ಗೆ ಎದ್ದು ಹೊಸ್ತಿಲು ತೊಳೆದು ರಂಗೋಲಿ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ವಸ್ತು ಎಷ್ಟೇ ಉತ್ತಮವಾಗಿರಲಿ, ಹೊಸ್ತಿಲು ಹಸನಾಗದೆ ಈ ದೀಪ ನೆಟ್ಟಗೆ ಉರಿಯುವುದಿಲ್ಲ.