ಕೈಗಾರಿಕಾ ತಡೆರಹಿತ ವಿದ್ಯುತ್ ವ್ಯವಸ್ಥೆ

ಕೈಗಾರಿಕಾ ತಡೆರಹಿತ ವಿದ್ಯುತ್ ವ್ಯವಸ್ಥೆ ಅಥವಾ ಕೈಗಾರಿಕಾ ಯುಪಿಎಸ್ ಎಂದರೆ ಜಾಲದ ವಿದ್ಯುತ್ ಪೂರೈಕೆ ನಿಂತಾಗ ಅಥವಾ ಅದರ ಗುಣಮಟ್ಟ ಕೆಟ್ಟಾಗ ಕಾರ್ಖಾನೆಯ ಆಯ್ದ ಉಪಕರಣಗಳಿಗೆ ಕ್ಷಣಮಾತ್ರವೂ ಕಡಿತವಾಗದಂತೆ ವಿದ್ಯುತ್ತನ್ನು ಒದಗಿಸುವ ಸಾಧನಗಳ ಜೋಡಣೆಯಾಗಿದೆ. ಮನೆಗಳಲ್ಲಿ ಬಳಸುವ ಇನ್ವರ್ಟರನ್ನೂ ಆಡುಮಾತಿನಲ್ಲಿ ಯುಪಿಎಸ್ ಎಂದೇ ಕರೆಯುವುದುಂಟು. ಆದರೆ ಅದು ಕರೆಂಟು ಹೋದ ಮೇಲೆ ಬ್ಯಾಟರಿಗೆ ಹೊರಳುತ್ತದೆ, ಮತ್ತು ಆ ಹೊರಳಿಕೆಗೆ ಕೆಲವು ಮಿಲಿಸೆಕೆಂಡುಗಳು ಬೇಕು. ದೀಪ, ಫ್ಯಾನುಗಳಿಗೆ ಇದು ಸಾಕು. ಕಾರ್ಖಾನೆಯ ನಿಯಂತ್ರಣ ಉಪಕರಣಗಳಿಗೆ ಅನೇಕ ವೇಳೆ ಸಾಲದು.

ಕರ್ನಾಟಕದಲ್ಲಿ ಕೈಗಾರಿಕೆಯು ದೂರದ ವಿದ್ಯುತ್ತನ್ನು ನೆಚ್ಚಿಕೊಂಡಿದ್ದು 1902ರಿಂದ. ಆ ವರ್ಷ ಶಿವನಸಮುದ್ರದಲ್ಲಿ ಉತ್ಪಾದಿಸಿದ ಜಲವಿದ್ಯುತ್ತನ್ನು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ ಒಯ್ಯಲಾಯಿತು. ಮಾರ್ಗವು ಉದ್ದವಾದಷ್ಟೂ ಸಿಡಿಲು, ಗಾಳಿ, ಮರದ ಕೊಂಬೆಗಳಿಗೆ ಅದು ಸಿಲುಕುವ ಸಂಭವವೂ ಹೆಚ್ಚುತ್ತದೆ.

ವಿದ್ಯುತ್ ಅಡಚಣೆಗಳು

ಭಾರತದಲ್ಲಿ ಪೂರೈಕೆಯ ಆವೃತ್ತಿ 50 ಹರ್ಟ್ಸ್. ಅಂದರೆ ಪರ್ಯಾಯ ವಿದ್ಯುತ್ತಿನ ಒಂದು ಆವರ್ತಕ್ಕೆ 20 ಮಿಲಿಸೆಕೆಂಡುಗಳು ತಗಲುತ್ತವೆ. ಕಾರ್ಖಾನೆಗಳಿಗೆ ನಷ್ಟ ತರುವುದು ಗಂಟೆಗಟ್ಟಲೆ ಕರೆಂಟು ಹೋಗುವುದೊಂದೇ ಅಲ್ಲ. ಕಣ್ಣಿಗೆ ದೀಪ ಒಮ್ಮೆ ಮಿಣುಕಿದಂತೆ ಮಾತ್ರ ತೋರುವ ವೋಲ್ಟೇಜ್ ಕುಸಿತವೇ ಹೆಚ್ಚು ಬಾರಿ ಯಂತ್ರಗಳನ್ನು ನಿಲ್ಲಿಸುತ್ತದೆ. ಅರ್ಧ ಆವರ್ತದಿಂದ ಒಂದು ನಿಮಿಷದವರೆಗೆ ವೋಲ್ಟೇಜು ತನ್ನ ನಿಗದಿತ ಮಟ್ಟದ ಶೇ. 10ರಿಂದ 90ರ ನಡುವಿಗೆ ಇಳಿದರೆ ಅದನ್ನು ಕುಸಿತವೆಂದು ಪರಿಗಣಿಸಲಾಗುತ್ತದೆ.

ಇದಕ್ಕೆ ಕಾರಣ ಕಾರ್ಖಾನೆಯ ಮಾರ್ಗದಲ್ಲೇ ಇರಬೇಕೆಂದಿಲ್ಲ. ಒಂದೇ ಉಪಕೇಂದ್ರದಿಂದ ಹೊರಟ ಇನ್ನೊಂದು ಫೀಡರಿನ ಮೇಲೆ ಕೊಂಬೆ ಬಿದ್ದು ಶಾರ್ಟ್ ಸರ್ಕ್ಯೂಟ್ ಆದರೆ, ಅಲ್ಲಿನ ಸರ್ಕ್ಯೂಟ್ ಬ್ರೇಕರ್ ಬೀಳುವವರೆಗೆ ನೆರೆಯ ಫೀಡರುಗಳಲ್ಲೂ ವೋಲ್ಟೇಜು ತಗ್ಗಿರುತ್ತದೆ. ಬ್ರೇಕರ್ ಬೀಳಲು 100 ಮಿಲಿಸೆಕೆಂಡು ಹಿಡಿದರೆ ಅಷ್ಟರಲ್ಲಿ ಐದು ಆವರ್ತಗಳು ಕಳೆದಿರುತ್ತವೆ. ಮೋಟಾರುಗಳನ್ನು ಚಾಲೂ ಮಾಡುವ ಕಾಂಟ್ಯಾಕ್ಟರಿನ ಸುರುಳಿಯು ವೋಲ್ಟೇಜು ಸರಿಸುಮಾರು ಅರ್ಧಕ್ಕೆ ಇಳಿದರೆ ಒಂದೆರಡು ಆವರ್ತಗಳಲ್ಲಿಯೇ ಹಿಡಿತ ಬಿಡುತ್ತದೆ. ಹೀಗೆ ವಿದ್ಯುತ್ ಕಡಿತವೇ ಆಗದಿದ್ದರೂ ಕಾರ್ಖಾನೆ ನಿಲ್ಲುತ್ತದೆ.

ಇದಲ್ಲದೆ ಸಿಡಿಲಿನಿಂದ ಉಂಟಾಗುವ ಕ್ಷಣಿಕ ಅಧಿಕ ವೋಲ್ಟೇಜು, ಮೂರು ಫೇಸುಗಳ ಅಸಮತೋಲ, ಆವೃತ್ತಿಯ ಏರಿಳಿತ ಹಾಗೂ ಅಲೆಯ ಆಕಾರವನ್ನೇ ಕೆಡಿಸುವ ಹಾರ್ಮೋನಿಕ್‌ಗಳು ಅಡಚಣೆಗಳಲ್ಲಿ ಸೇರಿವೆ.

ಹಾಸನ ಜಿಲ್ಲೆಯ ಸಂದರ್ಭ

ಹಾಸನ ಜಿಲ್ಲೆಗೆ ವಿದ್ಯುತ್ ವಿತರಿಸುವುದು ಮೈಸೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ (ಸೆಸ್ಕ್). ಜಿಲ್ಲೆಯ ಪೂರ್ವದಲ್ಲಿರುವ ಚನ್ನರಾಯಪಟ್ಟಣ ತಾಲೂಕು ತೆಂಗಿನ ಸೀಮೆ. ಶ್ರವಣಬೆಳಗೊಳ, ಜಿನನಾಥಪುರ ಮೊದಲಾದ ಊರುಗಳ ಸುತ್ತಲಿನ ತೋಟಗಳು ಕೊಳವೆಬಾವಿಯ ಪಂಪ್‌ಸೆಟ್ಟುಗಳನ್ನು ಅವಲಂಬಿಸಿವೆ. ನೇರವಾಗಿ ಚಾಲೂ ಮಾಡಿದ ಪಂಪಿನ ಮೋಟಾರು ತನ್ನ ಸಾಮಾನ್ಯ ಪ್ರವಾಹದ ಐದಾರು ಪಟ್ಟನ್ನು ಆರಂಭದಲ್ಲಿ ಎಳೆಯುತ್ತದೆ. ಮೂರು ಫೇಸ್ ಕರೆಂಟು ಬಂದೊಡನೆ ಹಲವು ಪಂಪುಗಳು ಒಟ್ಟಿಗೆ ಓಡತೊಡಗಿದರೆ ಅದೇ ಮಾರ್ಗದಲ್ಲಿರುವ ಹಿಟ್ಟಿನ ಗಿರಣಿಗೂ ತೆಂಗಿನ ನಾರಿನ ಘಟಕಕ್ಕೂ ವೋಲ್ಟೇಜು ಕುಸಿಯುತ್ತದೆ. ರಾಜ್ಯದ ನಿರಂತರ ಜ್ಯೋತಿ ಯೋಜನೆಯು ಕೃಷಿ ಪಂಪ್‌ಸೆಟ್ಟುಗಳ ಫೀಡರುಗಳನ್ನು ಇತರ ಬಳಕೆಯಿಂದ ಬೇರ್ಪಡಿಸುವ ಉದ್ದೇಶದ್ದು; ಫೀಡರು ಬೇರೆಯಾದ ಕಡೆ ಈ ತೊಂದರೆ ತಗ್ಗುತ್ತದೆ. ಆದರೆ ಏಪ್ರಿಲ್, ಮೇ ತಿಂಗಳುಗಳ ಗುಡುಗು ಮಳೆಗೆ ಫೀಡರುಗಳ ಭೇದವಿಲ್ಲ.

ಯಾವ ಕ್ರಿಯೆಗೆ ಎಷ್ಟು ರಕ್ಷಣೆ ಬೇಕೆಂಬುದು ಆಯಾ ಉದ್ಯಮದ ಮೇಲೆ ನಿಂತಿದೆ. ಹಾಸನದಲ್ಲಿರುವಂಥ ಹಾಲಿನ ಡೇರಿಗಳಲ್ಲಿ ಹಾಲನ್ನು 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು ಇರಿಸಿ ಪಾಶ್ಚರೀಕರಿಸುವುದು ರೂಢಿ. ನಿಯಂತ್ರಣ ತಪ್ಪಿದರೆ ಹಾಲನ್ನು ಹಿಂದಕ್ಕೆ ತಿರುಗಿಸುವ ಕವಾಟವು ತಾನಾಗಿಯೇ ಸುರಕ್ಷಿತ ಸ್ಥಿತಿಗೆ ಬರುತ್ತದೆ. ಆರೋಗ್ಯಕ್ಕೆ ಅಪಾಯವಿಲ್ಲ, ಆದರೆ ಯಂತ್ರವನ್ನು ಮತ್ತೆ ಸಜ್ಜುಗೊಳಿಸುವಷ್ಟರಲ್ಲಿ ಸಮಯ ವ್ಯರ್ಥವಾಗುತ್ತದೆ. ನೇಯ್ಗೆಯಲ್ಲಿ ಮಗ್ಗ ಹಠಾತ್ತನೆ ನಿಂತರೆ ಬಟ್ಟೆಯ ಮೇಲೆ ಅಡ್ಡಗೆರೆ ಉಳಿಯುತ್ತದೆ. ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆಯಿಂದ ತಾವೇ ವಿದ್ಯುತ್ ಉತ್ಪಾದಿಸಿಕೊಂಡರೂ ಅವುಗಳ ಬಾಯ್ಲರಿನ ನೀರಿನ ಮಟ್ಟವನ್ನು ತೋರಿಸುವ ಹಾಗೂ ನಿಯಂತ್ರಿಸುವ ಉಪಕರಣಗಳು ಕುರುಡಾಗುವಂತಿಲ್ಲ. ಅಲ್ಲಿ ಯುಪಿಎಸ್ ಇರುವುದು ಉತ್ಪಾದನೆ ಮುಂದುವರಿಸಲಿಕ್ಕಲ್ಲ, ಯಾರಿಗೂ ಗಾಯವಾಗದಂತೆ ಕ್ರಮವಾಗಿ ನಿಲ್ಲಿಸಲಿಕ್ಕೆ.

ಹಾಸನ ನಗರದಲ್ಲಿ 1982ರಲ್ಲಿ ಸ್ಥಾಪನೆಯಾದ ಇಸ್ರೋದ ಮುಖ್ಯ ನಿಯಂತ್ರಣ ಸೌಲಭ್ಯ ಕೇಂದ್ರವು ಭೂಸ್ಥಿರ ಉಪಗ್ರಹಗಳ ಕಕ್ಷೆಯನ್ನು ಏರಿಸುವ ಮತ್ತು ಅವುಗಳನ್ನು ನಿರ್ವಹಿಸುವ ಕೆಲಸ ಮಾಡುತ್ತದೆ. ಇಂಥ ಭೂಕೇಂದ್ರಗಳಲ್ಲಿ ಆದೇಶ ಕಳುಹಿಸುವ ಹೊತ್ತಿನಲ್ಲಿ ವಿದ್ಯುತ್ ತಪ್ಪುವುದು ಊಹಿಸಲೂ ಆಗದ ಸಂಗತಿ. ಅಲ್ಲಿಂದ ನಿಯಂತ್ರಿಸಲ್ಪಡುವ ಉಪಗ್ರಹಗಳೂ ಒಂದರ್ಥದಲ್ಲಿ ಯುಪಿಎಸ್ ಹೊತ್ತೇ ಸುತ್ತುತ್ತಿರುತ್ತವೆ: ವರ್ಷಕ್ಕೆ ಎರಡು ಬಾರಿ, ವಿಷುವಗಳ ಆಸುಪಾಸಿನಲ್ಲಿ, ಅವು ಪ್ರತಿದಿನ ಗರಿಷ್ಠ 72 ನಿಮಿಷಗಳವರೆಗೆ ಭೂಮಿಯ ನೆರಳಿಗೆ ಸರಿಯುವಾಗ ಸೌರಫಲಕಗಳ ಬದಲು ಬ್ಯಾಟರಿಗಳೇ ಅವನ್ನು ನಡೆಸುತ್ತವೆ.

ರಚನೆ ಮತ್ತು ಕಾರ್ಯವಿಧಾನ

ಕೈಗಾರಿಕೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ದ್ವಿಪರಿವರ್ತನೆಯ ಆನ್‌ಲೈನ್ ಯುಪಿಎಸ್. ಇದರಲ್ಲಿ ರೆಕ್ಟಿಫೈಯರು ಜಾಲದ ಪರ್ಯಾಯ ವಿದ್ಯುತ್ತನ್ನು ನೇರ ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಇನ್ವರ್ಟರು ಅದನ್ನು ಹೊಸದಾಗಿ, ಶುದ್ಧ ಅಲೆಯ ಪರ್ಯಾಯ ವಿದ್ಯುತ್ತಾಗಿ ರೂಪಿಸುತ್ತದೆ. ಬ್ಯಾಟರಿಯು ಇವೆರಡರ ನಡುವೆ ಸದಾ ಜೋಡಣೆಯಾಗಿರುವುದರಿಂದ ಜಾಲ ಕೈಕೊಟ್ಟಾಗ ಹೊರಳುವ ಪ್ರಶ್ನೆಯೇ ಬರುವುದಿಲ್ಲ. ಇನ್ವರ್ಟರಿಗೇ ದೋಷ ಬಂದರೆ ಅಥವಾ ಭಾರ ಮಿತಿಮೀರಿದರೆ ಸ್ಟ್ಯಾಟಿಕ್ ಬೈಪಾಸ್ ಸ್ವಿಚ್ಚು ಭಾರವನ್ನು ನೇರವಾಗಿ ಜಾಲಕ್ಕೆ ಒಪ್ಪಿಸುತ್ತದೆ. ದುರಸ್ತಿಗಾಗಿ ಕೈಯಿಂದ ಹಾಕುವ ಇನ್ನೊಂದು ಬೈಪಾಸ್ ಮಾರ್ಗವೂ ಇರುತ್ತದೆ.

ಇಡೀ ಕಾರ್ಖಾನೆಯನ್ನು ಯುಪಿಎಸ್ ಮೇಲೆ ನಡೆಸುವುದು ದುಬಾರಿ, ಅನಗತ್ಯ ಕೂಡ. ಪಿಎಲ್‌ಸಿ, ಕಂಪ್ಯೂಟರು, ಸಂವೇದಕ, ಕಾಂಟ್ಯಾಕ್ಟರುಗಳ ನಿಯಂತ್ರಣ ಮಂಡಲ ಹಾಗೂ ತುರ್ತು ದೀಪಗಳನ್ನು ಮಾತ್ರ ಅದಕ್ಕೆ ಜೋಡಿಸಿ, ದೊಡ್ಡ ಮೋಟಾರುಗಳನ್ನು ಹೊರಗಿಡುವುದು ವಾಡಿಕೆ. ಕಾಂಟ್ಯಾಕ್ಟರುಗಳ ಸುರುಳಿಗಳಿಗಷ್ಟೇ ಚಿಕ್ಕ ಯುಪಿಎಸ್ ಕೊಟ್ಟರೂ ಅಲ್ಪಾವಧಿಯ ಕುಸಿತಗಳನ್ನು ದಾಟಿಕೊಳ್ಳಬಹುದು, ಮೋಟಾರುಗಳು ತಮ್ಮ ಜಡತ್ವದಿಂದಲೇ ತಿರುಗುತ್ತಿರುತ್ತವೆ. ಸಣ್ಣ ಘಟಕಗಳಿಗೆ ಇಷ್ಟು ಕಡಿಮೆ ಖರ್ಚಿನ ಉಪಾಯ ಬೇರೆ ಸಿಗುವುದು ಕಷ್ಟ. ವಿದ್ಯುತ್ ಮರಳಿದಾಗ ಯಂತ್ರಗಳು ತಾವಾಗಿ ಚಾಲೂ ಆಗಿ ಕೆಲಸಗಾರರಿಗೆ ಅಪಾಯವಾಗದಂತೆ ಮಾತ್ರ ಎಚ್ಚರ ವಹಿಸಬೇಕು. ದೀರ್ಘ ಕಡಿತದಲ್ಲಿ ಕಾಂಟ್ಯಾಕ್ಟರುಗಳನ್ನು ಬಿಡಿಸುವ ಕಾಲನಿಯಂತ್ರಕ ಇದಕ್ಕಾಗಿ ಅಗತ್ಯ.

ಬ್ಯಾಟರಿ

ಯುಪಿಎಸ್ ವಿಫಲವಾಗುವ ಪ್ರಸಂಗಗಳಲ್ಲಿ ಬ್ಯಾಟರಿಯ ಪಾಲು ದೊಡ್ಡದು. 12 ವೋಲ್ಟಿನ ಹತ್ತಾರು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿರುವುದರಿಂದ ಒಂದು ಕೆಟ್ಟರೂ ಇಡೀ ಸಾಲು ನಿರುಪಯುಕ್ತವಾಗಬಹುದು. ಜಾಲದ ವಿದ್ಯುತ್ ಇರುವವರೆಗೆ ಈ ದೋಷ ಹೊರಗೆ ಕಾಣುವುದಿಲ್ಲ, ಆದ್ದರಿಂದ ನಿಯತಕಾಲಿಕ ಡಿಸ್ಚಾರ್ಜ್ ಪರೀಕ್ಷೆ ಅನಿವಾರ್ಯ.

ಸಾಮರ್ಥ್ಯದ ಲೆಕ್ಕದಲ್ಲಿ ಸಾಮಾನ್ಯವಾಗಿ ತಪ್ಪಾಗುವುದುಂಟು. 90 ಕಿಲೋವ್ಯಾಟ್ ಭಾರವನ್ನು 15 ನಿಮಿಷ ಹೊರಲು 22.5 ಕಿಲೋವ್ಯಾಟ್ ಗಂಟೆಯ ಶಕ್ತಿ ಬೇಕು. ಆದರೆ ಸೀಸ–ಆಮ್ಲ ಬ್ಯಾಟರಿಯ ಸಾಮರ್ಥ್ಯವನ್ನು ಹತ್ತು ಅಥವಾ ಇಪ್ಪತ್ತು ಗಂಟೆಗಳ ನಿಧಾನ ಬಳಕೆಯಲ್ಲಿ ಅಳೆದಿರುತ್ತಾರೆ. ಕಾಲು ಗಂಟೆಯಲ್ಲಿ ಬರಿದುಮಾಡಿದರೆ ಅದರ ಸರಿಸುಮಾರು ಅರ್ಧದಷ್ಟೇ ದೊರೆಯುತ್ತದೆ. ವಯಸ್ಸಿನೊಂದಿಗೆ ಆಗುವ ಕ್ಷೀಣತೆಗೂ ಅವಕಾಶ ಬಿಡಬೇಕಾಗುತ್ತದೆ.

ಮೊಹರು ಮಾಡಿದ ಸೀಸ–ಆಮ್ಲ ಬ್ಯಾಟರಿಯ ಆಯುಷ್ಯವು 25 ಡಿಗ್ರಿಗಿಂತ ಉಷ್ಣತೆ ಪ್ರತಿ 10 ಡಿಗ್ರಿ ಏರಿದಂತೆ ಸುಮಾರು ಅರ್ಧಕ್ಕಿಳಿಯುತ್ತದೆ. ಹಾಸನವು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದ್ದು ಹವೆ ತಂಪಾಗಿದ್ದರೂ, ಯುಪಿಎಸ್ಸಿನ ಬಿಸಿಗಾಳಿ ಹೊರಹೋಗದ ಮುಚ್ಚಿದ ಕೋಣೆಯಲ್ಲಿ ಆ ಅನುಕೂಲ ಉಳಿಯುವುದಿಲ್ಲ. ಚಾರ್ಜಾಗುವಾಗ ಹೊಮ್ಮುವ ಜಲಜನಕವು ಗಾಳಿಯಲ್ಲಿ ಶೇ. 4ನ್ನು ಮುಟ್ಟಿದರೆ ಕಿಡಿಗೆ ಹತ್ತಿಕೊಳ್ಳುತ್ತದೆಯಾದ್ದರಿಂದಲೂ ಗಾಳಿಯಾಟ ಅವಶ್ಯ.

ಜನರೇಟರಿನೊಂದಿಗೆ ಹೊಂದಾಣಿಕೆ

ಡೀಸೆಲ್ ಜನರೇಟರು ಚಾಲೂ ಆಗಿ ಭಾರ ಹೊರಲು ಸಾಮಾನ್ಯವಾಗಿ 10ರಿಂದ 15 ಸೆಕೆಂಡು ಬೇಕು. ಆ ಅವಧಿಯನ್ನು ಯುಪಿಎಸ್ ತುಂಬುತ್ತದೆ. ಹಳೆಯ ಆರು ಪಲ್ಸಿನ ರೆಕ್ಟಿಫೈಯರುಗಳು ಉಂಟುಮಾಡುವ ಹಾರ್ಮೋನಿಕ್ ಪ್ರವಾಹಗಳಿಂದ ಚಿಕ್ಕ ಜನರೇಟರಿನ ವೋಲ್ಟೇಜು ಅಸ್ಥಿರವಾಗುವುದುಂಟು. ಆಗ ಯುಪಿಎಸ್ ಜನರೇಟರಿನ ವಿದ್ಯುತ್ತನ್ನು ಯೋಗ್ಯವಲ್ಲವೆಂದು ನಿರಾಕರಿಸಿ ಬ್ಯಾಟರಿಯಲ್ಲಿಯೇ ಮುಂದುವರಿಯುತ್ತದೆ. ಜನರೇಟರು ಗದ್ದಲ ಮಾಡುತ್ತ ಓಡುತ್ತಿದ್ದರೂ ಸ್ವಲ್ಪ ಹೊತ್ತಿನಲ್ಲಿ ಯಂತ್ರಗಳು ನಿಂತುಬಿಡುತ್ತವೆ! ಐಜಿಬಿಟಿ ಆಧಾರಿತ ರೆಕ್ಟಿಫೈಯರುಗಳಲ್ಲಿ ಈ ಸಮಸ್ಯೆ ಬಹುಮಟ್ಟಿಗೆ ಕಡಿಮೆ.

ಸಿಡಿಲಿನ ಆಘಾತವನ್ನು ತಡೆಯುವುದು ಯುಪಿಎಸ್ಸಿನ ಮುಖ್ಯ ಕೆಲಸವಲ್ಲ. ಅದಕ್ಕೆ ಸರ್ಜ್ ನಿರೋಧಕಗಳನ್ನೂ ಸಮರ್ಪಕ ಭೂಸಂಪರ್ಕವನ್ನೂ ಯುಪಿಎಸ್ಸಿಗಿಂತ ಮೊದಲೇ ಅಳವಡಿಸಿರಬೇಕು.

ಬಳಸಿ ಮುಗಿದ ಬ್ಯಾಟರಿಗಳ ಸೀಸವು ವಿಷಕಾರಿ. ಅವುಗಳ ಸಂಗ್ರಹ ಮತ್ತು ಮರುಬಳಕೆ ಭಾರತದಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಿಗೆ ಒಳಪಟ್ಟಿದ್ದು, ಬಳಕೆದಾರರು ಅವನ್ನು ಇತರ ಕಸದಿಂದ ಬೇರ್ಪಡಿಸಿ ಸಂಗ್ರಹಣೆ ಅಥವಾ ಮರುಬಳಕೆ ಮಾಡುವವರಿಗೆ ತಲುಪಿಸಬೇಕಾಗುತ್ತದೆ.