ಕಿಕ್ ಹೊಡೆಯುವ ಮುನ್ನ ಪ್ಲಗ್ ನೋಡಿ
ಮಗ ಕಾಲೇಜಿಗೆ ಹೊರಟ ಹೊತ್ತಿಗೇ ಅಪ್ಪನ ಹಳೆಯ ಟೂ-ಸ್ಟ್ರೋಕ್ ಬಜಾಜ್ ಚೇತಕ್ ಮುಷ್ಕರ ಹೂಡಿದೆಯೇ? ಗಾಡಿಯನ್ನು ಒಂದು ಬದಿಗೆ ವಾಲಿಸಿ ಕಿಕ್ ಹೊಡೆಯುವುದು 1972ರಲ್ಲಿ ಈ ಸ್ಕೂಟರ್ ಬಂದಂದಿನಿಂದ ನಡೆದುಬಂದ ಕಸರತ್ತು. ಅದಕ್ಕಿಂತ ಬಲಗಡೆಯ ಎಂಜಿನ್ ಕವರ್ ತೆಗೆದು ಪ್ಲಗ್ ಬಿಚ್ಚಿ ನೋಡುವುದು ಲೇಸು. ತುದಿ ಒದ್ದೆಯಾಗಿ ಕಪ್ಪಗೆ ಜಿಡ್ಡುಗಟ್ಟಿದ್ದರೆ ಪೆಟ್ರೋಲೋ ಆಯಿಲ್ಲೋ ಹೆಚ್ಚಾಗಿದೆ. ಉಜ್ಜಿ, ಒಣಗಿಸಿ ಹಾಕಿದರೆ ಸಾಮಾನ್ಯವಾಗಿ ಹೊರಡುತ್ತದೆ. ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ಮಿಶ್ರಣ ಸರಿಯಾಗಿದೆಯೆಂದೇ ಅರ್ಥ.

ಬೆಳ್ಳಗೆ ಸುಟ್ಟಂತಿದ್ದರೆ ಮಾತ್ರ ಹುಷಾರು! ಈ ಎಂಜಿನ್ನಿನಲ್ಲಿ ಪಿಸ್ಟನ್ನಿಗೆ ಬೇಕಾದ ಆಯಿಲ್ ಪೆಟ್ರೋಲಿನೊಡನೆಯೇ ಬರಬೇಕು, ಲೀಟರಿಗೆ 20 ಮಿಲಿಲೀಟರಿನಂತೆ. ಮೈಲೇಜಿನ ಆಸೆಗೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ತೀರಾ ಕಡಿಮೆ ಮಾಡಿಸಿದರೆ ಆಯಿಲೂ ಕಡಿಮೆಯಾಗುತ್ತದೆ, ಬಿಸಿ ಹೆಚ್ಚಿ ಪಿಸ್ಟನ್ ಜಾಮ್ ಆಗುತ್ತದೆ. ಓಡುವಾಗ ಹಾಗಾದರೆ ಹಿಂದಿನ ಚಕ್ರವೇ ಕಚ್ಚಿಕೊಳ್ಳಬಹುದು. ತಕ್ಷಣ ಕ್ಲಚ್ ಹಿಡಿದು ಗಾಡಿಯನ್ನು ಬದಿಗೆ ತನ್ನಿ.