ಮುಟ್ಟದೆ ನೋಡಬೇಕಾದ ಕಡಲು

ಅಂಡಮಾನಿನ ವಂಡೂರಿನ ಧಕ್ಕೆಯಲ್ಲಿ ದೋಣಿ ಹತ್ತುವ ಮೊದಲು ಪ್ರತಿಯೊಬ್ಬರ ಚೀಲ ಬಿಚ್ಚಿಸುತ್ತಾರೆ. ಬಿಸ್ಕೆಟ್ ಪೊಟ್ಟಣ, ಚಿಪ್ಸ್, ಪ್ಲಾಸ್ಟಿಕ್ ಕೈಚೀಲ ಯಾವುದೂ ಮುಂದೆ ಹೋಗುವಂತಿಲ್ಲ. ನೀರಿನ ಬಾಟಲಿಗೂ ಠೇವಣಿ ಇಡಬೇಕು, ಮರಳಿ ತಂದು ತೋರಿಸಬೇಕು. ಸಾಲಿನಲ್ಲಿ ನಿಂತವರಲ್ಲಿ ಕೆಲವರು ಗೊಣಗುತ್ತಾರೆ. ನಮ್ಮ ಕಡಲತೀರಗಳಲ್ಲಿ ಅಲೆಯ ಜೊತೆ ತೇಲಿಬರುವ ಕಸ ಕಂಡ ನನಗಂತೂ ಈ ತಪಾಸಣೆ ದೊಡ್ಡ ಸಮಾಧಾನ ಕೊಟ್ಟಿತು.

ಇದು ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದ ಬಾಗಿಲು. ಪೋರ್ಟ್ ಬ್ಲೇರ್‌ನಿಂದ, ಅಂದರೆ 2024ರಲ್ಲಿ ಶ್ರೀ ವಿಜಯ ಪುರಂ ಆದ ಊರಿನಿಂದ, ರಸ್ತೆಯಲ್ಲಿ ಸುಮಾರು 30 ಕಿ.ಮೀ. 1983ರಲ್ಲಿ ಸ್ಥಾಪನೆಯಾದ ಈ ಉದ್ಯಾನ 281 ಚದರ ಕಿ.ಮೀ.ಗಳಷ್ಟು ಹರಡಿಕೊಂಡಿದೆ. ಅದರ 15 ದ್ವೀಪಗಳಲ್ಲಿ ಪ್ರವಾಸಿಗರ ಪಾಲಿಗೆ ಇರುವುದು ಜಾಲಿಬಾಯ್ ಮತ್ತು ರೆಡ್‌ಸ್ಕಿನ್ ಎರಡೇ. ಅವೂ ಸರದಿಯ ಮೇಲೆ: ವರ್ಷದ ಅರ್ಧ ಒಂದು, ಉಳಿದರ್ಧ ಇನ್ನೊಂದು. ಹವಳಕ್ಕೆ ಮನುಷ್ಯರಿಂದ ಬಿಡುವು ಕೊಡುವ ಈ ಏರ್ಪಾಡಿಗಿಂತ ವಿವೇಕದ ನಿಯಮವನ್ನು ನಾನು ಬೇರೆ ಪ್ರವಾಸಿ ತಾಣಗಳಲ್ಲಿ ಕಂಡಿಲ್ಲ.

ದೋಣಿ ಮೊದಲು ಕಾಂಡ್ಲಾ ಕಾಡಿನ ನಡುವಿನ ಹಿನ್ನೀರಿನಲ್ಲಿ ಸಾಗುತ್ತದೆ. ದಡದಲ್ಲಿ ಅಲ್ಲಲ್ಲಿ ಒಣಗಿದ ಬೊಡ್ಡೆಗಳು. 2004ರ ಭೂಕಂಪದಲ್ಲಿ ದಕ್ಷಿಣ ಅಂಡಮಾನಿನ ನೆಲ ಸುಮಾರು ಒಂದು ಮೀಟರ್ ಕುಸಿದು, ಉಪ್ಪುನೀರು ಒಳನುಗ್ಗಿ ಎಷ್ಟೋ ಮರಗಳು ನಿಂತಲ್ಲೇ ಸತ್ತವು. ಈ ನೀರು ಉಪ್ಪುನೀರಿನ ಮೊಸಳೆಗಳ ನೆಲೆಯೂ ಹೌದು. ಎಲ್ಲಿ ಇಳಿಯಬಾರದು ಎಂದು ಸಿಬ್ಬಂದಿ ಹೇಳುತ್ತಾರೋ ಅಲ್ಲಿ ಕಾಲಿಡಬೇಡಿ. ತಲೆ ಎತ್ತಿದರೆ ಬಿಳಿಹೊಟ್ಟೆಯ ಕಡಲ ಹದ್ದು ಕಂಡೀತು.

ಜಾಲಿಬಾಯ್‌ನಲ್ಲಿ ಧಕ್ಕೆಯಿಲ್ಲ, ಅಂಗಡಿಯಿಲ್ಲ, ರಾತ್ರಿ ತಂಗಲು ಅನುಮತಿಯೂ ಇಲ್ಲ. ದೊಡ್ಡ ದೋಣಿಯಿಂದ ಗಾಜಿನ ತಳದ ಚಿಕ್ಕ ದೋಣಿಗೆ ದಾಟಿ ದಡ ಸೇರಬೇಕು. ವಯಸ್ಸಾದವರಿಗೆ ಗಾಜಿನಲ್ಲೇ ಸಾಕಷ್ಟು ಕಾಣುತ್ತದೆ. ಆದರೆ ಮುಖವಾಡ ಧರಿಸಿ, ಸ್ನಾರ್ಕೆಲ್ ಕೊಳವೆ ಬಾಯಲ್ಲಿ ಕಚ್ಚಿ, ಮುಖ ನೀರಿಗಿಟ್ಟಾಗ ಕಾಣುವುದು ಬೇರೆಯೇ ಲೋಕ.

ಮೊದಲು ಕಿವಿಗೆ ಬೀಳುವುದು ನಮ್ಮದೇ ಉಸಿರು. ಆಮೇಲೆ ಗಿಳಿಮೀನುಗಳು ಹವಳದ ಬಂಡೆ ಕಚ್ಚುವ ಕಟಕಟ ಸದ್ದು. ಅವು ಕೆರೆದು ನುಂಗಿದ ಸುಣ್ಣ ಹೊಟ್ಟೆಯಲ್ಲಿ ನುರಿದು ಮರಳಾಗಿ ಹೊರಬೀಳುತ್ತದೆ. ಇಂಥ ದ್ವೀಪಗಳ ಬಿಳಿ ಮರಳಿನಲ್ಲಿ ಅವುಗಳ ದುಡಿಮೆಯೂ ಬೆರೆತಿದೆ. ಕುಟುಕುವ ಕಡಲಹೂವಿನ ನಡುವೆ ಕ್ಲೌನ್ ಮೀನುಗಳು ನಿರ್ಭಯವಾಗಿ ಓಡಾಡುತ್ತವೆ. ಅವೆಲ್ಲ ಹುಟ್ಟುವಾಗ ಗಂಡು. ಗುಂಪಿನ ಹೆಣ್ಣು ಸತ್ತರೆ ಹಿರಿಯ ಗಂಡೇ ಹೆಣ್ಣಾಗುತ್ತದೆ! ದೈತ್ಯ ಕಪ್ಪೆಚಿಪ್ಪೊಂದು ಬಾಯಿ ತೆರೆದು ಕೂತಿರುತ್ತದೆ, ಅಂಚಿನಲ್ಲಿ ನವಿಲುಗರಿಯಂಥ ನೀಲಿ-ಹಸಿರು. ನಮ್ಮ ನೆರಳು ಬಿದ್ದರೆ ಸಾಕು, ಮುಚ್ಚಿಕೊಳ್ಳುತ್ತದೆ.

ಎಲ್ಲವೂ ಸುಂದರ ಎಂದರೆ ಸುಳ್ಳಾಗುತ್ತದೆ. ನಡುನಡುವೆ ಮುರಿದ ಹವಳದ ಬೂದುಬಣ್ಣದ ರಾಶಿಗಳಿವೆ. ಹವಳ ಸಣ್ಣ ಪ್ರಾಣಿಗಳ ವಸಾಹತು. ಅವುಗಳ ಮೈಯೊಳಗಿನ ಪಾಚಿ ಬಿಸಿಲಿನಿಂದ ಅನ್ನ ಬೇಯಿಸಿ ಕೊಡುತ್ತದೆ, ಬಣ್ಣವೂ ಬಹುಪಾಲು ಅದರದೇ. ನೀರು ಮಿತಿಮೀರಿ ಬೆಚ್ಚಗಾದರೆ ಆ ಪಾಚಿ ಹೊರಹೋಗಿ ಹವಳ ಬಿಳಿಚುತ್ತದೆ. ಬಿಸಿ ಬೇಗ ಇಳಿಯದಿದ್ದರೆ ಹಸಿವಿನಿಂದ ಸಾಯುತ್ತದೆ. 2010ರಲ್ಲಿ ಅಂಡಮಾನಿನ ಹವಳಕ್ಕೆ ಈ ಪೆಟ್ಟು ಜೋರಾಗಿಯೇ ಬಿತ್ತು. ಗುಂಡು ಹವಳ ವರ್ಷಕ್ಕೆ ಬೆಳೆಯುವುದು ಒಂದು ಸೆಂಟಿಮೀಟರ್ ಆಸುಪಾಸು. ಬೆಚ್ಚಗಾಗುವ ಸಮುದ್ರವನ್ನು ಪ್ರವಾಸಿಯೊಬ್ಬ ತಣಿಸಲಾರ. ಹವಳದ ಮೇಲೆ ನಿಲ್ಲದಿರುವುದು ಮಾತ್ರ ಅವನ ಕೈಯಲ್ಲೇ ಇದೆ. ದಣಿದಾಗ ಕಾಲೂರಿ ನಿಂತವರನ್ನು ಕಂಡು ನನಗೆ ನಿಜಕ್ಕೂ ಸಂಕಟವಾಯಿತು.

ಹವಳ ನೋಡಲು ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗುವವರಿಗೂ ಇದೇ ನನ್ನ ಕೋರಿಕೆ. ಈಜು ಬಾರದಿದ್ದರೆ ಲೈಫ್ ಜಾಕೆಟ್ ತೊಟ್ಟು ಮಾರ್ಗದರ್ಶಕರ ಕೈ ಹಿಡಿದು ತೇಲಿ. ಸನ್‌ಸ್ಕ್ರೀನ್ ಬಳಿಯುವ ಬದಲು ತುಂಬುತೋಳಿನ ಅಂಗಿ ಹಾಕಿ. ಮೀನಿಗೆ ತಿಂಡಿ ಎಸೆಯಬೇಡಿ. ದಡದಲ್ಲಿ ಬಿದ್ದ ಸತ್ತ ಹವಳದ ಚೂರನ್ನೂ ಚೀಲಕ್ಕೆ ಹಾಕಬೇಡಿ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.